ಗಂಗಕ್ಕನ ಅಟ್ಟದಿಂದ ಇಳಿದ ಕ್ಯಾಮೆರಾ

ಕೊಪ್ಪದ ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಮಹಡಿಯ ಮೇಲೆ ನನ್ನ ದುರಸ್ತಿ ಕೋಣೆ ಇದೆ. ಎರಡು ಬೇಸಿಗೆಗಳ ಹಿಂದೆ, ಈಗ ಹೇಳಲು ಹೊರಟಿರುವ ಕೆಲಸ ಬಂದಾಗ, ಆ ಕೋಣೆಯಲ್ಲಿ ನಾನು ಕೆಲಸ ಶುರು ಮಾಡಿ ಇಪ್ಪತ್ತಾರನೆಯ ವರ್ಷ. ಐಟಿಐಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಕಲಿತವಳು ನಾನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಲೇಜುಗಳ ಮೈಕ್ರೋಸ್ಕೋಪ್‌ಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ಜೋಡಿಸಿ ಕೊಡುವುದು ಮೊದಲಿನಿಂದಲೂ ನನ್ನ ಅನ್ನದ ಕೆಲಸ. ಹಳೆಯ ಸಿನಿಮಾ ಕ್ಯಾಮೆರಾಗಳು ಬಂದದ್ದು ಆಮೇಲೆ. ಚಿತ್ರೀಕರಣಕ್ಕೆಂದು ಶೃಂಗೇರಿಗೆ ಬಂದಿದ್ದ ಬೆಂಗಳೂರಿನ ಛಾಯಾಗ್ರಾಹಕರೊಬ್ಬರ ಲೆನ್ಸ್ ಬಿಗಿದುಕೊಂಡಾಗ ನಾನು ಬಿಡಿಸಿಕೊಟ್ಟೆ. ಅವರು ನಾಲ್ಕು ಜನಕ್ಕೆ ಹೇಳಿದರು. ಅಲ್ಲಿಂದೀಚೆಗೆ ವರ್ಷಕ್ಕೆ ಐದಾರು ಫಿಲಂ ಕ್ಯಾಮೆರಾಗಳಾದರೂ ಬಸ್ಸಿನ ಪಾರ್ಸೆಲ್‌ನಲ್ಲಿ ನನ್ನ ಮೇಜಿಗೆ ಬರುತ್ತವೆ.

ನನ್ನ ಪದ್ಧತಿ ಸರಳ. ಬಿಚ್ಚಿದ ತಿರುಪುಗಳನ್ನು ಹಳೆಯ ಇಡ್ಲಿ ತಟ್ಟೆಗಳ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಡುತ್ತೇನೆ. ನಾಲ್ಕು ತಟ್ಟೆ, ಹದಿನಾರು ಗುಳಿ. ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬಂದರಾಯಿತು. ಪ್ರತಿ ಕೆಲಸಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಅವತ್ತಿನ ಹವೆ, ಕಂಡ ದೋಷ, ಮಾಡಿದ ಕೆಲಸ, ಎಲ್ಲ ಅದರಲ್ಲಿ ಇರುತ್ತದೆ. ಈ ಬರಹವನ್ನೂ ಆ ಪುಸ್ತಕ ನೋಡಿಕೊಂಡೇ ಬರೆಯುತ್ತಿದ್ದೇನೆ.

ಮೇ ತಿಂಗಳ ಮೊದಲ ಸೋಮವಾರ, ನರಸಿಂಹರಾಜಪುರದ ಬೆಳಗಿನ ಬಸ್ಸು ಬಂದ ಸ್ವಲ್ಪ ಹೊತ್ತಿಗೆ, ಬಿದಿರಿನ ಮುಚ್ಚಳದ ಬುಟ್ಟಿಯೊಂದನ್ನು ಎದೆಗವಚಿಕೊಂಡು ಒಬ್ಬರು ಮೆಟ್ಟಿಲು ಹತ್ತಿ ಬಂದರು. ಶ್ರೀಪತಿ ಮೇಷ್ಟ್ರು ಎಂದು ಪರಿಚಯಿಸಿಕೊಂಡರು. ನಿವೃತ್ತ ಡ್ರಾಯಿಂಗ್ ಮಾಸ್ತರು, ಎಪ್ಪತ್ತು ದಾಟಿದ ವಯಸ್ಸು. ಬುಟ್ಟಿ ಮೇಜಿನ ಮೇಲೆ ಕೂರುತ್ತಲೇ ಕೋಣೆಯೆಲ್ಲ ಹೊಗೆಯ ವಾಸನೆ.

"ಇದೆಂತದು ಮೇಷ್ಟ್ರೇ, ಹಪ್ಪಳ ತಂದ್ರಾ?" ಎಂದೆ.

"ಹಪ್ಪಳದ ಜತೆಗೇ ಇದ್ದಿದ್ದು" ಎಂದು ಅವರು ಮುಚ್ಚಳ ತೆಗೆದರು. ಹಳೆಯ ಪಂಚೆಯಲ್ಲಿ ಸುತ್ತಿದ, ಹದಿನಾರು ಎಂಎಂ ಫಿಲಂನ ಕ್ಯಾಮೆರಾ. ಬ್ಯಾಟರಿ ಇಲ್ಲದ ಜಾತಿಯದು. ಗಡಿಯಾರದ ಹಾಗೆ ಕೀ ಕೊಟ್ಟರೆ ಒಳಗಿನ ಸ್ಪ್ರಿಂಗ್ ಸುಮಾರು ಅರ್ಧ ನಿಮಿಷ ಫಿಲಂ ಎಳೆಯುತ್ತದೆ. ಇದರಲ್ಲಿ ಕೀ ಅಲ್ಲಾಡುತ್ತಲೇ ಇರಲಿಲ್ಲ. ಜತೆಗೆ ತಗಡಿನ ಡಬ್ಬಿಯಲ್ಲಿ ಒಂದು ಹಳೆಯ ರೀಲು.

ಅವರ ಕಥೆಯನ್ನು ಸಂಗ್ರಹಿಸಿ ಹೇಳುತ್ತೇನೆ. ಅವರು ಎಂಟು ವರ್ಷದ ಹುಡುಗನಾಗಿದ್ದಾಗ ಭದ್ರಾ ಹಿನ್ನೀರಿನಲ್ಲಿ ಅವರ ಮನೆ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಾತ್ರ ಆ ಮನೆಯ ಮೆಟ್ಟಿಲುಕಲ್ಲು ಕೆಲವು ವಾರ ಕಾಣಿಸುತ್ತದೆ. ಹೊಸದಾಗಿ ನೌಕರಿ ಸೇರಿದ್ದ ಕಾಲದಲ್ಲಿ ಒಮ್ಮೆ ಹಾಗೆ ಕಂಡಾಗ, ಕಾಫಿ ಎಸ್ಟೇಟಿನವರೊಬ್ಬರಿಂದ ಕೊಂಡಿದ್ದ ಈ ಕ್ಯಾಮೆರಾ ಹಿಡಿದು ತಾಯಿಯನ್ನೂ ಅಕ್ಕ ಗಂಗಕ್ಕನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದರು.

"ಈ ರೀಲಲ್ಲಿ ಅಮ್ಮ ಕಲ್ಲಿನ ಮೇಲೆ ಕೂತು, ಪಕ್ಕದ ಜಾಗ ತಟ್ಟಿ ತಟ್ಟಿ ಅಕ್ಕನ್ನ ಕರೀತಿದಾಳೆ. ಅಕ್ಕ ನನ್ನ ಹಿಂದೆ ಕೊಡೆ ಹಿಡ್ಕೊಂಡು ನಿಂತಿದ್ಲು. 'ಬಂದೆ, ಬಂದೆ' ಅಂತ ಹೊರಡೋ ಹೊತ್ತಿಗೆ ರೀಲು ಮುಗೀತು. ಇನ್ನೊಂದು ರೀಲು ತರಿಸೋದ್ರೊಳಗೆ ನೀರು ಬಂತು. ಅಮ್ಮ ಆಮೇಲೆ ಬಹಳ ವರ್ಷ ಇರ್ಲಿಲ್ಲ."

ಆ ವರ್ಷ ಕಲ್ಲು ಮತ್ತೆ ಕಂಡಿತ್ತು. ಗಂಗಕ್ಕನಿಗೆ ಎಂಬತ್ತು. ಅದೇ ಕಲ್ಲಿನ ಮೇಲೆ ಅಕ್ಕನನ್ನು ಕೂರಿಸಿ, ಅದೇ ಕ್ಯಾಮೆರಾದಲ್ಲಿ ತೆಗೆದು, ಹಳೆಯ ತುಂಡಿಗೆ ಹೊಸದನ್ನು ಅಂಟಿಸಬೇಕು. ಇಷ್ಟೇ ಅವರ ಆಸೆ.

"ಫೋನಲ್ಲಿ ತೆಗೀಬಹುದಲ್ಲ ಮೇಷ್ಟ್ರೇ?"

"ಫೋನಲ್ಲಿ ದಿನಾ ತೆಗೀತೀನಿ ಸುಮಿತ್ರಮ್ಮ. ಅವು ಅಮ್ಮನ ಪಕ್ಕ ಹೋಗಿ ಕೂರೋದಿಲ್ಲ."

ಎಷ್ಟು ದಿನ ಸಮಯವಿದೆ ಎಂದು ಕೇಳಿದೆ. ಜೂನ್ ಹಿಡಿದ ಮೇಲೆ ಯಾವತ್ತು ಬೇಕಾದರೂ ನೀರು ಏರಬಹುದು ಎಂದರು. ಪುಸ್ತಕದಲ್ಲಿ 'ಮೇ ಕೊನೆಯೊಳಗೆ' ಎಂದು ಬರೆದು ಎರಡು ಗೆರೆ ಎಳೆದೆ. ಹೊಸ ಫಿಲಂ ಒಂದು ರೀಲು ಕಳಿಸುವಂತೆ ಬೆಂಗಳೂರಿನ ಛಾಯಾಗ್ರಾಹಕರಿಗೆ ಅವತ್ತೇ ಫೋನ್ ಮಾಡಿದೆ.

ಮರುದಿನ ಕ್ಯಾಮೆರಾ ಬಿಚ್ಚಿದೆ. ಲೆನ್ಸಿನ ಗಾಜು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಒಳಗಿನ ಹಲ್ಲುಚಕ್ರಗಳ ಗ್ರೀಸು ಒಣಗಿ ಹಲಸಿನ ಮೇಣದ ಹಾಗಾಗಿತ್ತು. ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲಿಟ್ಟಿದ್ದಿರಿ ಎಂದು ಕೇಳಿದರೆ, ಅಡುಗೆ ಒಲೆಯ ಮೇಲಿನ ಹೊಗೆಅಟ್ಟದಲ್ಲಿ ಎಂದರು! ಬಿತ್ತನೆ ಬೀಜ, ಮುರುಗಲ ಸಿಪ್ಪೆ, ಹಪ್ಪಳ ಇವೆಲ್ಲ ಥಂಡಿ ಹಿಡಿಯದಿರಲೆಂದು ನಮ್ಮ ಕಡೆ ಇಡುವ ಜಾಗ ಅದು. ಅಲ್ಲಿ ನಲವತ್ತು ವರ್ಷ ಒಂದು ಲೆನ್ಸು! ನನಗೆ ತಡೆಯಲಾಗಲಿಲ್ಲ.

"ಅದನ್ನ ಅಲ್ಲಿ ಇಟ್ಟೋರು ಯಾರು? ಬುದ್ಧಿ ಇದ್ದೋರು ಮಾಡೋ ಕೆಲಸವಾ ಇದು? ಇದರ ಬದ್ಲು ಹೊಳೆಗೆ ಎಸೆದಿದ್ರೆ ಆಗ್ತಿತ್ತಲ್ಲ!"

ಮೇಷ್ಟ್ರು "ನೋಡಿ, ಆದಷ್ಟು ಮಾಡಿ" ಎಂದು ಫೋನಿಟ್ಟರು.

ಮೂರನೆಯ ದಿನ ಅವರೇ ಫೋನ್ ಮಾಡಿದರು. ದನಿ ಇಳಿದಿತ್ತು. "ಅವತ್ತು ಫೋನು ಸ್ಪೀಕರಲ್ಲಿತ್ತು. ಅಟ್ಟದಲ್ಲಿ ಇಟ್ಟಿದ್ದು ಅಕ್ಕನೇ. ಈಗ ಕಲ್ಲಿನ ಹತ್ರ ಬರೋದಿಲ್ಲ ಅಂತ ಕೂತಿದಾಳೆ. 'ಹಾಳು ಮಾಡಿದ ಮುಖ ಇಟ್ಕೊಂಡು ಅದರ ಎದುರಿಗೆ ಹ್ಯಾಗೆ ಕೂರ್ಲಿ' ಅಂತಾಳೆ. ಕ್ಯಾಮೆರಾ ಸರಿಯಾದ್ರೂ ಇನ್ನು ಯಾರನ್ನ ತೆಗೀಲಿ?"

ಗಾಜು, ಹಿತ್ತಾಳೆಗಳ ಜತೆ ಇಷ್ಟು ವರ್ಷ ತಾಳ್ಮೆಯಿಂದ ಇದ್ದವಳು, ಕಾಣದ ಒಬ್ಬ ಹಿರಿಯರ ಮೇಲೆ ಒಂದೇ ನಿಮಿಷದಲ್ಲಿ ಬಾಯಿ ಮಾಡಿದ್ದೆ.

ಆದರೂ ಕೆಲಸ ನಿಲ್ಲುವ ಹಾಗಿರಲಿಲ್ಲ. ಲೆನ್ಸಿನ ಗಾಜುಗಳನ್ನು ಒಂದೊಂದಾಗಿ ಹೊರತೆಗೆದು, ಹತ್ತಿಗೆ ಸ್ಪಿರಿಟ್ ಹಚ್ಚಿ, ನಡುವಿನಿಂದ ಅಂಚಿಗೆ ಸುತ್ತು ಸುತ್ತಾಗಿ ಒರೆಸುತ್ತ ಹೋದೆ. ಗಾಜನ್ನು ಉಜ್ಜಬಾರದು, ಕಂದು ತಾನಾಗಿ ಕರಗಿ ಹತ್ತಿಗೆ ಬರಬೇಕು. ಮೊದಲ ಗಾಜಿಗೆ ಮೂರು ಗಂಟೆ ಹಿಡಿಯಿತು. ಸ್ವಚ್ಛವಾದದ್ದನ್ನು ದೀಪಕ್ಕೆ ಅಡ್ಡ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಮತ್ತೊಮ್ಮೆ ನೋಡಿದೆ. ಎರಡನೆಯ ಗಾಜು, ಮೂರನೆಯದು, ನಾಲ್ಕನೆಯದು.

ಒಂದರಲ್ಲೂ ಬೂಷ್ಟು ಇರಲಿಲ್ಲ.

ಇದರ ಅರ್ಥ ಓದುಗರಿಗೆ ಹೇಳಬೇಕು. ನಮ್ಮ ಕಡೆಯ ಹವೆಯಲ್ಲಿ ಲೆನ್ಸಿಗೆ ದೊಡ್ಡ ಶತ್ರು ಬೂಷ್ಟು. ಮುಚ್ಚಿಟ್ಟ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಹಬ್ಬುತ್ತದೆ. ಒರೆಸಿದರೆ ಹೋಗುತ್ತದೆ ನಿಜ, ಆದರೆ ಬಹಳ ಕಾಲ ಇದ್ದರೆ ಗಾಜನ್ನೇ ತಿಂದು ಗುರುತು ಬಿಡುತ್ತದೆ. ಆ ಗುರುತಿಗೆ ಮದ್ದಿಲ್ಲ. ಹಿಂದಿನ ವರ್ಷವಷ್ಟೇ ಶೃಂಗೇರಿಯಿಂದ ಇದೇ ಮಾದರಿಯ ಲೆನ್ಸೊಂದು ಬಂದಿತ್ತು. ಒಳ್ಳೆಯ ಚರ್ಮದ ಪೆಟ್ಟಿಗೆಯಲ್ಲಿಟ್ಟು, ಸ್ಟೀಲ್ ಬೀರುವಿನಲ್ಲಿ ಬೀಗ ಹಾಕಿ ಜೋಪಾನ ಮಾಡಿದ್ದರು. ಒಳಗಿನ ಗಾಜು ಪೂರ್ತಿ ತಿಂದುಹೋಗಿತ್ತು. ಸರಿ ಮಾಡಲಾಗದೆ, ಬಿಡಿ ಭಾಗಕ್ಕಾದರೂ ಇರಲಿ ಎಂದು ಅವರು ನನ್ನಲ್ಲೇ ಬಿಟ್ಟು ಹೋಗಿದ್ದರು. ಅದನ್ನು ತೆಗೆದು ಇದರ ಪಕ್ಕ ಇಟ್ಟೆ. ಬೀರುವಿನದು ಸತ್ತಿತ್ತು, ಅಟ್ಟದ್ದು ಬದುಕಿತ್ತು. ಮೇಷ್ಟ್ರ ಹಳೆಯ ರೀಲೂ ಅದೇ ಅಟ್ಟದಲ್ಲಿದ್ದದ್ದು. ಬಿಸಿಗೆ ಸ್ವಲ್ಪ ಸೊಟ್ಟಗಾಗಿತ್ತೇ ಹೊರತು ಚಿತ್ರಕ್ಕೆ ಏನೂ ಆಗಿರಲಿಲ್ಲ. ಎರಡನ್ನೂ ಉಳಿಸಿದ್ದು ನಾನು ಬೈದ ಆ ಹೊಗೆ.

ಇನ್ನೊಂದು ಪಾಠ ಬಾಕಿ ಇತ್ತು. ಲೆನ್ಸು ಜೋಡಿಸಿ ಕ್ಯಾಮೆರಾಕ್ಕೆ ಕೂರಿಸಿ, ಯಾವತ್ತಿನಂತೆ ಮಹಡಿಯಿಂದ ದೂರದ ಗುಡ್ಡದ ಮೊಬೈಲ್ ಟವರಿಗೆ ಫೋಕಸ್ ನೋಡಿದರೆ, ಟವರು ಮಸುಕು. ಎರಡು ದಿನ ತಿಣುಕಿದೆ. ಆಮೇಲೆ ಹೊಳೆಯಿತು. ಇಂಥ ಲೆನ್ಸಿನ ಹಿಂಬದಿಯಲ್ಲಿ ದೂರ ಸರಿದೂಗಿಸಲು ಕಾಗದದಷ್ಟು ತೆಳುವಾದ ಹಿತ್ತಾಳೆಯ ಬಳೆಯೊಂದು ಇರುತ್ತದೆ. ಇಡ್ಲಿ ತಟ್ಟೆಯ ಯಾವ ಗುಳಿಯಲ್ಲೂ ಅದಿಲ್ಲ. ಕಸದ ಡಬ್ಬಿ ಮೇಜಿನ ಮೇಲೆ ಬೋರಲು ಹಾಕಿ, ಒರೆಸಿ ಎಸೆದ ಹತ್ತಿ, ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿದೆ. ಕಂದು ಜಿಡ್ಡಿನಲ್ಲಿ ಮೆತ್ತಿಕೊಂಡು ಬಳೆ ಅಲ್ಲಿತ್ತು. ಹೊಗೆಯನ್ನು ಶಪಿಸುವ ಭರದಲ್ಲಿ, ಕೊಳೆಯೆಂದು ತಿಳಿದು ನಾನೇ ತೆಗೆದೆಸೆದಿದ್ದೆ. ಗಂಗಕ್ಕ ನಲವತ್ತು ವರ್ಷದಲ್ಲಿ ಕಳೆಯದ ಭಾಗವನ್ನು ನಾನು ಒಂದೇ ಮಧ್ಯಾಹ್ನ ಕಳೆದಿದ್ದೆ.

ಬಳೆ ಕೂರಿಸಿದ ಮೇಲೆ ಟವರಿನ ಒಂದೊಂದು ಪಟ್ಟಿಯೂ ಎಣಿಸುವ ಹಾಗೆ ಕಂಡಿತು. ಉಳಿದದ್ದು ವೇಗ. ಗವರ್ನರ್ ಎಂಬ ಪುಟ್ಟ ಭಾಗ ಸ್ಪ್ರಿಂಗಿನ ಓಟವನ್ನು ಒಂದೇ ಹದದಲ್ಲಿ ಹಿಡಿದಿಡುತ್ತದೆ. ಅದರ ಗ್ರೀಸು ತೊಳೆದು, ಸೂಜಿ ಮೊನೆಯಲ್ಲಿ ಎರಡೇ ಹನಿ ಎಣ್ಣೆ ಬಿಟ್ಟೆ. ಕೆಲಸಕ್ಕೆ ಬಾರದ ಫಿಲಂ ಹಾಕಿ, ಹದಿನೈದು ಅಡಿಗೆ ಗುರುತು ಮಾಡಿ ಓಡಿಸಿದೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರದ ಲೆಕ್ಕದಲ್ಲಿ ಇಪ್ಪತ್ತೈದು ಸೆಕೆಂಡ್ ಹಿಡಿಯಬೇಕು. ಮೊದಲ ಸಲ ಮೂವತ್ತೊಂದು. ಒಂಬತ್ತನೆಯ ಸಲಕ್ಕೆ ಇಪ್ಪತ್ತೈದು. ಅಂದು ಮೇ ಇಪ್ಪತ್ತಮೂರು.

ಮರುದಿನ ಕ್ಯಾಮೆರಾವನ್ನೂ ಬೆಂಗಳೂರಿನಿಂದ ಬಂದಿದ್ದ ಹೊಸ ರೀಲನ್ನೂ ಶೃಂಗೇರಿಯ ಆ ಸತ್ತ ಲೆನ್ಸನ್ನೂ ಚೀಲಕ್ಕೆ ಹಾಕಿಕೊಂಡು ನರಸಿಂಹರಾಜಪುರಕ್ಕೆ ಹೋದೆ. ಗಂಗಕ್ಕ ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದರು. ಸಣ್ಣ ಆಳು, ನೇರ ಬೆನ್ನು.

"ಓ, ಬುದ್ಧಿ ಇದ್ದೋರು ಬಂದ್ರು" ಎಂದರು, ತಲೆ ಎತ್ತದೆ.

"ಬುದ್ಧಿ ಇದ್ದೋರು ನೀವು ಗಂಗಕ್ಕ. ನಾನು ಬಾಯಿ ಇದ್ದೋಳು. ತಪ್ಪಾಯ್ತು ಅಂತ ಹೇಳೋಕೆ ಬಂದಿದೀನಿ."

"ಹೇಳಿದ್ಯಲ್ಲ. ಕಾಫಿ ಕುಡ್ದು ಹೋಗು."

ಅಷ್ಟಕ್ಕೆ ಮುಗಿಯುವ ಮಾತಲ್ಲ ಎಂದು ಗೊತ್ತಿತ್ತು. ಎರಡೂ ಲೆನ್ಸುಗಳನ್ನು ಅವರ ಮುಂದಿಟ್ಟು ಭೂತಗನ್ನಡಿ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಮೊದಲು ಸತ್ತದ್ದನ್ನು ನೋಡಿದರು. "ಇದಕ್ಕೆಂತ ಆಗಿದೆ? ಉಪ್ಪಿನಕಾಯಿ ಕೆಟ್ಟ ಹಾಗಿದೆ." ಬೀರುವಿನಲ್ಲಿಟ್ಟದ್ದು ಎಂದೆ. ಆಮೇಲೆ ತಮ್ಮದನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಅವನು ಹೇಳಿದ್ದ, ಇದರ ಕಣ್ಣಿಗೆ ಮಾತ್ರ ಕೈ ಹಾಕ್ಬೇಡ ಅಂತ. ನಾನು ಒಂದು ದಿನ ಮುಟ್ಟಿಲ್ಲ. ಮಳೆಗಾಲ ಬಂತು ಅಂದ್ರೆ ಬಟ್ಟೆ ಬದಲಾಯಿಸ್ತಿದ್ದೆ, ಅಷ್ಟೆ. ಒಳಗೆ ಅಮ್ಮ ಇದ್ದಾಳೆ ಅಂತಲೇ ಲೆಕ್ಕ ನಂಗೆ."

"ನೀವು ಅಟ್ಟದ ಹೊಗೆಯಲ್ಲಿ ಒರೆಸದೆ ಇಟ್ಟಿದ್ದಕ್ಕೇ ಅದು ಬೂಷ್ಟು ಹಿಡೀದೆ ಉಳಿದಿದ್ದು ಗಂಗಕ್ಕ. ಒರೆಸಿ ಹಾಳು ಮಾಡೋಕೆ ಹೋಗಿದ್ದು ನಾನು" ಎಂದು ಕಸದ ಡಬ್ಬಿಯ ಕಥೆಯನ್ನೂ ಹೇಳಿದೆ. ಆಗ ನಕ್ಕರು ನೋಡಿ, ಈಳಿಗೆಮಣೆ ಬಿಟ್ಟು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವಷ್ಟು.

"ಶ್ರೀಪತೀ, ನಿನ್ನ ಡಾಕ್ಟ್ರಮ್ಮ ಹೊಟ್ಟೆಯೊಳಗಿಂದೇ ತೆಗೆದು ಕಸಕ್ಕೆ ಹಾಕಿದ್ಲಂತೆ ಮಾರಾಯ! ನಡಿ, ಇವಳು ಇನ್ನೆಂತ ಕಳೀತಾಳೋ, ಅದಕ್ಕೆ ಮೊದ್ಲು ಹೋಗಿ ಬರುವ."

ಅವತ್ತೇ ಸಂಜೆ ನಾಲ್ಕು ಗಂಟೆಗೆ ಹಿನ್ನೀರಿನ ಅಂಚಿಗೆ ಹೋದೆವು. ಒಣಗಿ ಬಿರಿದ ಕೆಸರಿನ ಮೇಲೆ ಬಾಡಿಗೆ ಜೀಪು ಹೋಗುವಷ್ಟು ದೂರ ಹೋಗಿ, ಉಳಿದದ್ದು ನಡಿಗೆ. ಕರಿಕಲ್ಲು ಒಂದೇ, ಸುತ್ತ ಏನೂ ಇಲ್ಲ. ಮೇಷ್ಟ್ರ ಮಣಿಕಟ್ಟಿಗೆ ಬಲ ಸಾಲದೆ ಕೀ ನಾನು ಕೊಟ್ಟೆ. ತಾಯಿ ಕೂತಿದ್ದು ಕಲ್ಲಿನ ಎಡಗಡೆ. ಗಂಗಕ್ಕನಿಗೆ ಯಾರೂ ಹೇಳಿಕೊಡಲಿಲ್ಲ. ಅವರು ಕ್ಯಾಮೆರಾದ ಹಿಂದಿನಿಂದ, ಅಂದು ನಿಂತಿದ್ದ ಜಾಗದಿಂದಲೇ ನಡೆದು ಹೋಗಿ, ಎಡಗಡೆ ಖಾಲಿ ಬಿಟ್ಟು ಬಲಗಡೆ ಕೂತರು. ಖಾಲಿ ಜಾಗದ ಕಡೆ ತಿರುಗಿ ಏನೋ ಅಂದರು. ಕ್ಯಾಮೆರಾ ಒಂದೇ ಹದದಲ್ಲಿ ಗರ್ರೆನ್ನುತ್ತಿತ್ತು. ನನಗೆ ಆ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಫಿಲಂ ಹೊರ ಊರಿನ ಲ್ಯಾಬಿಗೆ ಹೋಗಿ ಸಂಸ್ಕರಣೆಯಾಗಿ ಬರಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಲ್ಲಿನ ಮೇಲೆ ನೀರಿತ್ತು. ಜುಲೈಯಲ್ಲಿ ಒಂದು ಬೆಳಿಗ್ಗೆ ಅಕ್ಕ, ತಮ್ಮ ಇಬ್ಬರೂ ಕೊಪ್ಪಕ್ಕೆ ಬಂದರು. ನನ್ನ ಮೇಜಿನ ಮೇಲೆಯೇ ಎರಡು ತುಂಡುಗಳನ್ನು ಅಂಟಿಸಿ, ಕೈಯಲ್ಲಿ ತಿರುಗಿಸಿ ನೋಡುವ ಪುಟ್ಟ ವ್ಯೂಯರಿಗೆ ಹಾಕಿದೆ. ಹಿಡಿಯನ್ನು ಗಂಗಕ್ಕನ ಕೈಗೇ ಕೊಟ್ಟೆ.

ತಾಯಿ ಕಲ್ಲು ತಟ್ಟುತ್ತಾರೆ, ಕರೆಯುತ್ತಾರೆ, ಮತ್ತೆ ತಟ್ಟುತ್ತಾರೆ. ಅಂಟು ದಾಟುತ್ತದೆ. ಮುದುಕಿಯೊಬ್ಬಳು ನಡೆದು ಬಂದು ಕೂರುತ್ತಾಳೆ, ಪಕ್ಕಕ್ಕೆ ತಿರುಗಿ ಏನೋ ಹೇಳುತ್ತಾಳೆ.

"ಏನಂದ್ಯೇ ಅಕ್ಕ ಅವತ್ತು?" ಮೇಷ್ಟ್ರು ಕೇಳಿದರು.

"ಎಂತ ಅನ್ನೋದು. 'ತಡ ಆಯ್ತು, ಬೈಬೇಡ' ಅಂದೆ" ಎಂದರು ಗಂಗಕ್ಕ. ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿನಿಂದ ನೋಡಿದರು.

ಆ ಕೆಲಸವಾದ ಮೇಲೆ ನನ್ನ ನೋಟ್‌ಬುಕ್ಕಿನ ಪುಟ ಬದಲಾಗಿದೆ. ಮೊದಲೆಲ್ಲ ಮೊದಲ ಸಾಲು 'ಕಂಡ ದೋಷ' ಎಂದಿರುತ್ತಿತ್ತು. ಈಗ ಅದು ಎರಡನೆಯ ಸಾಲು. ಅದಕ್ಕಿಂತ ಮೊದಲು, ಇದನ್ನು ಇಷ್ಟು ದಿನ ಯಾರು, ಎಲ್ಲಿ, ಹೇಗೆ ಕಾಪಾಡಿಕೊಂಡು ಬಂದರು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಹೇಳುವವರ ಮಾತು ಮುಗಿಯುವ ತನಕ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವುದಿಲ್ಲ.