ಬಾಯಿ ಹಚ್ಚದ ಲಾಳಿ

ಮೊಮ್ಮಗಳು ಪೆನ್ಸಿಲ್ ಚೂಪು ಮಾಡಲು ಬ್ಲೇಡು ಹುಡುಕುತ್ತ ನನ್ನ ಹಳೆಯ ತಗಡಿನ ಡಬ್ಬಿ ತೆಗೆದಳು. ಪಕ್ಕದಲ್ಲಿ ಅವಳ ಇಂಗ್ಲಿಷ್ ಪುಸ್ತಕ ತೆರೆದೇ ಬಿದ್ದಿತ್ತು. ಅಮೆರಿಕದಲ್ಲಿ ಸಮಾನ ಹಕ್ಕು ಕೇಳಿದವರ ಪಾಠವಂತೆ. ಬ್ಲೇಡಿನ ಬದಲು ಕೈಗೆ ಬಂದದ್ದು ಬೆರಳುದ್ದದ ತಂತಿಯ ಕೊಕ್ಕೆ. ಅದರ ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ. "ಅಜ್ಜಾ, ಇದೇನ?" ಅಂದಳು. ನಮ್ಮಂಥ ಮುದುಕರಿಗೆ ಅಷ್ಟು ಕೇಳಿದರೆ ಸಾಕು, ನಿಮಗೂ ಗೊತ್ತಿದ್ದದ್ದೇ.

ಅರವತ್ತರ ದಶಕದಲ್ಲಿ ನಮ್ಮೂರು ದತ್ತವಾಡ ಬಿಟ್ಟು ಮಗ್ಗಗಳ ಊರಾದ ಇಚಲಕರಂಜಿಗೆ ಬಂದು, ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ನೂಲು ಸುತ್ತಿದ ಕಂಡಿಕೆ ಹೊರುವ, ಧೂಳು ಗುಡಿಸುವ ಕೆಲಸಕ್ಕಿದ್ದೆ. ಮಗ್ಗ ನಡೆಸುವ ಆಸೆಯೋ ಬೆಟ್ಟದಷ್ಟು. ನೋಡಿ ನೋಡಿಯೇ ಕೆಲಸ ಕಲಿತಿದ್ದೆ. ಆದರೆ ಆಗ, ನೂಲು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ತೂತಿಗೆ ಬಾಯಿ ಹಚ್ಚಿ, ಉಸಿರೆಳೆದು ನೂಲನ್ನು ಹೊರಗೆ ತರಬೇಕಿತ್ತು. ಪಾಳಿ ಬದಲಾದರೆ ಅದೇ ಲಾಳಿಗೆ ಇನ್ನೊಬ್ಬನ ಬಾಯಿ. ಎಲ್ಲರ ಎಂಜಲೂ ಅಲ್ಲಿ ಕೂಡುತ್ತಿತ್ತು, ಯಾರಿಗೂ ಹೇಸಿಗೆಯಿರಲಿಲ್ಲ. ಊರ ಹೊರಗಿನ ಕೇರಿಯವನಾದ ನನ್ನ ಎಂಜಲು ಮಾತ್ರ ಮೈಲಿಗೆ.

ಇಂಗ್ಲಿಷ್ ಬಂದರೆ ಕೊಲ್ಹಾಪುರದ ಯಾವುದಾದರೂ ಕಚೇರಿಯಲ್ಲಿ ಜವಾನನಾದರೂ ಆದೇನೆಂದು, ಮಗ್ಗಗಳಿಗೆ ರಜೆಯಿದ್ದ ದಿನ ಗಡಹಿಂಗ್ಲಜ ಕಡೆಯ ಮಾಸ್ತರರೊಬ್ಬರ ಕ್ಲಾಸಿಗೆ ಹೋಗುತ್ತಿದ್ದೆ. ನನ್ನ ಇಂಗ್ಲಿಷ್ ಕೇಳಿದಾಗಲೆಲ್ಲ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು, ಅಷ್ಟು ಚೆಂದ ಅದು. ನಮ್ಮ ಶೆಡ್ಡಿನ ಮಗ್ಗಗಳನ್ನೂ ನೇಕಾರರನ್ನೂ ನೋಡಿಕೊಳ್ಳುವ ಜಾಬರ್ ಶಿವಪ್ಪಣ್ಣನೂ ಬರುತ್ತಿದ್ದ.

ಒಂದು ದಿನ ಮಾಸ್ತರರು ಪೇಪರು ಓದಿ ಹೇಳಿದರು: ಅಮೆರಿಕದಲ್ಲಿ ಕರಿಯರು ಬಿಳಿಯರ ಹೋಟೆಲಿನಲ್ಲಿ ಕೂತು ಕಾಫಿ ಕೇಳುತ್ತಿದ್ದಾರೆ, ಅವರನ್ನು ಹೊಡೆದು ಹೊರಗೆ ಎಳೆಯುತ್ತಿದ್ದಾರೆ. ಶಿವಪ್ಪಣ್ಣನ ಕಣ್ಣು ಒದ್ದೆಯಾದವು. "ಎಂಥಾ ಮಂದಿರೀ ಸರ್ ಇವ್ರು! ಮನಷ್ಯಾರು ಹೌದೋ ಅಲ್ಲೋ?" ಅಂದ.

"ಈಗ ನಿಮಗೇನ ಬೇಕು ಅನ್ನೂದನ್ನ ಒಬ್ಬೊಬ್ಬರ ಇಂಗ್ಲಿಷಿನ್ಯಾಗ ಹೇಳ್ರಿ," ಅಂದರು ಮಾಸ್ತರರು. ಯಾರೋ ಸೈಕಲ್ ಕೇಳಿದರು. ನಾನು ಎದ್ದು ನಿಂತು, "ಐ ವಾಂಟ್ ಟು ರನ್ ಲೂಮ್" ಅಂದೆ.

ತಪ್ಪು ತಿದ್ದುವ ಮಾಸ್ತರರು ಪೇಪರು ಮಡಿಚತೊಡಗಿದರು. ಶಿವಪ್ಪಣ್ಣ ನೆಲ ನೋಡುತ್ತ, "ಅದು ಬ್ಯಾರೆ ಐತಿ ತಮ್ಮಾ. ಅದರಾಗ ಲಾಳಿಗೆ ಬಾಯಿ ಹಚ್ಚಬೇಕಾಗತೈತಲ್ಲ," ಅಂದ. ನನಗೆ ಸಿಟ್ಟೂ ಬರಲಿಲ್ಲ. ಅದಕ್ಕೂ ಮೈಯಲ್ಲಿ ಕಸುವು ಬೇಕು.

ಮುಂದಿನ ವಾರ ಅವನೇ ಈ ಕೊಕ್ಕೆ ತಂದ, ತಾನೇ ಬಾಗಿಸಿದ್ದು. "ಮಾಲಕರ ಕಡೆ ಮಾತಾಡೇನಿ. ಮೂಲ್ಯಾಗಿನ ಮಗ್ಗ ನಿಂದು. ನೂಲು ಇದರ್ಲೆ ಎಳಿ, ಬಾಯಿ ಹಚ್ಚಬ್ಯಾಡ ನೋಡು." ನಾನು ದೂರದಿಂದಲೇ ಕೈಮುಗಿದೆ.

ಆ ಮಗ್ಗದ ಮೇಲೆಯೇ ಸಂಸಾರ ನಡೆಯಿತು, ಮಕ್ಕಳು ಓದಿದರು. ನನ್ನ ಕಥೆ ಯಾವಾಗಲೂ ಇಲ್ಲಿಗೇ ಮುಗಿಯುತ್ತದೆ. ಶಿವಪ್ಪಣ್ಣ ದೊಡ್ಡ ಮನುಷ್ಯ ಅಂದು ಚಹಾ ಕೇಳುತ್ತೇನೆ.

ಮೊಮ್ಮಗಳು ಕೊಕ್ಕೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಉಳದವರೂ ಇದರ್ಲೇನ ಎಳೀತಿದ್ರೇನ ಅಜ್ಜಾ?"

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಇಲ್ಲವ್ವಾ. ಅವ್ರು ಬಾಯಿಲೇನ ಎಳೀತಿದ್ರು. ಕೊಕ್ಕಿ ನನಗೊಬ್ಬಂವಗ."

ಅವಳು ಕೊಕ್ಕೆಯನ್ನು ನನ್ನ ಅಂಗೈಯಲ್ಲಿಟ್ಟಳು. ಇಷ್ಟು ವರ್ಷ ಉಪಕಾರವೆಂದು ಜೋಪಾನ ಮಾಡಿದ ವಸ್ತು ಎದೆಗೆ ಚುಚ್ಚಿತು. ಡಬ್ಬಿಗೆ ಹಾಕಲು ಮನಸ್ಸಾಗದೆ, ಅದನ್ನು ಅವಳ ತೆರೆದ ಪಾಠದ ಮೇಲೆ ಇಟ್ಟೆ.

"ನಾಳೆ ಸಾಲಿಗೆ ಒಯ್ಯಿ," ಅಂದೆ. "ಅಮೆರಿಕದ್ದು ಹೇಳಿ ಮುಗದ ಮ್ಯಾಲ ಇದನ್ನೂ ಹೇಳು."