ಪೂವಪ್ಪ ಮರೆತ ಕಾಫಿ

ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ನಾನು ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದ ಕಾಲ. ಪೂವಪ್ಪ ಅಲ್ಲಿ ಸಪ್ಲಯರ್. ಆಗ ಚೀಟಿ ಬರೆಯುವ ಪದ್ಧತಿ ಇರಲಿಲ್ಲ. ಗಿರಾಕಿಯ ಮುಖ ನೋಡಿ ಒಳಗೆ ಕೂಗುವುದು, ಅಷ್ಟೇ. ಪೂವಪ್ಪ ಇಲ್ಲಿ ಕೂಗಿದರೆ ಅಂಧೇರಿಯಲ್ಲಿ ದೋಸೆ ಮಗುಚಿಕೊಳ್ಳುತ್ತಿತ್ತು. ನಗಬೇಡಿ ಮಕ್ಕಳೇ, ಬೇಕಾದರೆ ಅರ್ಧ ನಂಬಿ. ಹೆಂಡತಿಯನ್ನು ಬಿಟ್ಟು ಸನ್ಯಾಸಿಯಾದವನೊಬ್ಬ ಆರು ವರ್ಷದ ಮೇಲೆ ಮೊಳದುದ್ದ ಗಡ್ಡ ಬಿಟ್ಟು ಬಂದಾಗಲೂ ಇವನು ಅವನ ಹಳೆಯ ತಿಂಡಿ ಮರೆಯದೆ, "ಎರಡು ಆಂಬೊಡೆ, ಚಟ್ನಿ ಜಾಸ್ತಿ!" ಎಂದು ಕೂಗಿದ. ಪಕ್ಕದ ಟೇಬಲಿನಲ್ಲಿ ಅವನ ಹೆಂಡತಿಯ ಅಣ್ಣ ಕೂತಿದ್ದ. ಸನ್ಯಾಸ ಅಲ್ಲಿಗೆ ಮುಗಿಯಿತು.

ನಮ್ಮೊಡನೆ ಕಪ್ಪು ತೊಳೆಯುತ್ತಿದ್ದ ಮೋನಪ್ಪ ಅಷ್ಟರಲ್ಲಿ ಹೋಟೆಲ್ ಕಾರ್ಮಿಕರ ಲೀಡರ್ ಆಗಿದ್ದ. ವಾರಕ್ಕೊಂದು ರಜೆ ಕೊಡಿಸುತ್ತೇನೆ, ಮಾಲೀಕರ ಕೈಯ ನೀರೂ ಮುಟ್ಟಿದವನಲ್ಲ ಎನ್ನುತ್ತಿದ್ದ. ಐವತ್ತೇಳರ ಮುನ್ಸಿಪಾಲಿಟಿ ಚುನಾವಣೆಯ ಮೇಲೆ ಅವನ ಕಣ್ಣು. ಒಂದು ಮಧ್ಯಾಹ್ನ, ನಮ್ಮ ಹೋಟೆಲಿನ ಮಾಲೀಕರಾದ ಧನಿಗಳಿಲ್ಲದ ಹೊತ್ತಿನಲ್ಲಿ, ನಮ್ಮಲ್ಲೇ ಮೀಟಿಂಗು. ಧನಿಗಳ ಅಂಧೇರಿಯ ಹೋಟೆಲಿನಲ್ಲಿ ತಿಂಗಳು ದುಡಿದು ಪೂವಪ್ಪ ಅಂದೇ ಹಿಂತಿರುಗಿದ್ದ. ಮೋನಪ್ಪ ಹೊಸ್ತಿಲು ದಾಟಿದ್ದೇ ತಡ, ಅಂಧೇರಿಯಲ್ಲಿ ತಿಂಗಳಿಡೀ ಕೂಗಿದ ರೂಢಿಗೆ ಇವನ ಬಾಯಿ ತಾನಾಗಿ ತೆರೆಯಿತು:

"ಮೋನಪ್ಪಣ್ಣನಿಗೆ ಸಕ್ಕರೆ ಇಲ್ಲದ ಕಾಫಿ, ಫ್ಯಾಮಿಲಿ ರೂಮಿಗೆ! ಜೊತೆಗೆ ಧನಿಗಳದ್ದೊಂದು!"

ಐವತ್ತು ಜನ ಒಮ್ಮೆಲೇ ಮೋನಪ್ಪನ ಕಡೆ ತಿರುಗಿದರು. ನನ್ನ ದೋಸೆ ಸೀದುಹೋಯಿತು.

"ನೀರು ಮುಟ್ಟಿಲ್ಲ, ಸರಿ. ಕಾಫಿ ಮುಟ್ಟಬಹುದಲ್ಲ ಮಾರಾಯ್ರೇ!" ಎಂದ ನಮ್ಮ ಕ್ಲೀನರ್ ಐತ. ಯಾರೋ ಇಬ್ಬರು ನಕ್ಕರು.

ಮೋನಪ್ಪನೂ ನಕ್ಕ. ಪೂವಪ್ಪನ ಹೆಗಲ ಮೇಲೆ ಕೈಯಿಟ್ಟು, "ಎಂಥ ನೆನಪು ಮಾರಾಯ ನಿಂದು! ಜೋಪಾನ ಮಾಡು ಅದನ್ನ," ಎಂದ. ನಗು ಮುಗಿದರೂ ಕೈ ಅಲ್ಲೇ ಇತ್ತು.

ಮರುವಾರ ಐತ ಊರಿಗೆ ಹೋದ ಎಂದರು. ಅವನ ಟ್ರಂಕು ಮಾತ್ರ ನಮ್ಮ ಮೆಟ್ಟಿಲ ಕೆಳಗೇ ಉಳಿಯಿತು.

ಪೂವಪ್ಪನ ಕೆಲಸ ಹೋಯಿತು. ಕೆಲಸ ಹೋದರೆ ಮಲಗುವ ಬೆಂಚೂ ಹೋಯಿತೆಂದೇ ಲೆಕ್ಕ. ಘಾಟ್ಕೋಪರ್ ತನಕ ಅಲೆದ; ಹೆಸರು ಕೇಳಿದ ಕೂಡಲೇ ಎಲ್ಲ ಹೋಟೆಲಿನಲ್ಲೂ "ಜಾಗ ಇಲ್ಲ." ಫುಟ್‌ಪಾತಿನಲ್ಲಿ ಮಲಗಿ ಎಲುಬಾದ.

ಮೋನಪ್ಪ ಗೆದ್ದ. ಹಾರಗಳ ಸಮೇತ ನಮ್ಮಲ್ಲಿಗೆ ಬಂದು, ಧನಿಗಳ ಕುರ್ಚಿಯಲ್ಲೇ ಕೂತ. ಕೆಲಸ ಬೇಡಲು ಬಂದ ಪೂವಪ್ಪ ಬಾಗಿಲಲ್ಲಿ ನಿಂತಿದ್ದ.

"ಬಾ ಪೂವಪ್ಪ. ಹೇಳು ನೋಡುವ, ನಾನು ಕುಡಿಯೂದು ಎಂತ?"

ಪೂವಪ್ಪ ಮೆಟ್ಟಿಲ ಕೆಳಗಿನ ಟ್ರಂಕು ನೋಡಿದ.

"ಗೊತ್ತಿಲ್ಲ ಧನಿ. ನಿಮ್ಮನ್ನು ಎಲ್ಲಿಯೂ ನೋಡಿದ ನೆನಪಿಲ್ಲ."

"ಹಾಂ. ನಾಳೆಯಿಂದ ಬಾ."

ಬಂದ. ಕೈಯಲ್ಲಿ ಪೆನ್ಸಿಲು, ಒಂದು ಕಟ್ಟು ಚೀಟಿ. ಕೂಗಲೇ ಇಲ್ಲ. ಒಂಬತ್ತು ವರ್ಷ ಕೇಳದೆಯೇ ನನಗೆ ಚಹಾ ಕೊಟ್ಟವನು ಆ ದಿನ ಒಲೆಯ ಹತ್ತಿರ ಬಂದು, "ನಿಂಗೆ ಚಾವಾ, ಕಾಫಿಯಾ?" ಎಂದ.

"ನನ್ನದೂ ಮರ್ತೆಯಾ ಮಾರಾಯ?" ಎಂದು ನಕ್ಕೆ.

ಅವನು ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ಪೆನ್ಸಿಲು ಹಿಡಿದು, ನಾನು ಹೇಳುವುದನ್ನೇ ಕಾಯುತ್ತ ನಿಂತ.