ಕಪ್ಪೆಯ ಅಜ್ಜಿ

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ದೋಣಿ ಹತ್ತಿ ವಿಯೆಟ್ನಾಂ ಬಿಟ್ಟು ಬಂದ ನಮ್ಮನ್ನೆಲ್ಲ ಮಲೇಷ್ಯಾದ ಒಂದು ದ್ವೀಪದ ನಿರಾಶ್ರಿತರ ಶಿಬಿರದಲ್ಲಿ ಇಟ್ಟಿದ್ದರು. ಯಾವ ಸರ್ಕಾರ ಎಷ್ಟು ಜನರನ್ನು ಕರೆಸಿಕೊಳ್ಳುತ್ತದೆ, ಯಾರು ಇನ್ನೂ ಯೋಚಿಸುತ್ತಿದ್ದಾರೆ ಎಂಬ ಚರ್ಚೆಯೆಲ್ಲ ತಾಮ್ ಅಜ್ಜಿಯ ಗಂಜಿ ಪಾತ್ರೆಯ ಸುತ್ತಲೇ.

"ಮಂತ್ರಿಗಳು ಮಾತಾಡ್ಕೊಳ್ಲಿ ಬಿಡೇ. ಗಂಜಿ ಆರೋದ್ರೊಳಗೆ ಉಣ್ಣು," ಎನ್ನುತ್ತಿದ್ದಳು ನನಗೆ.

ಅಜ್ಜಿ ಮೆಕಾಂಗ್ ನದಿಯಲ್ಲಿ ದೋಣಿ ಮೇಲೇ ನೂಡಲ್ ಮಾರಿ ಬದುಕಿದವಳು. "ಅಲುಗಾಡದೆ ನಿಮಗೆಲ್ಲ ನಿದ್ದೆ ಹೇಗೆ ಬರುತ್ತೋ!" ಎಂದು ಗೊಣಗುತ್ತ ಎರಡು ತೆಂಗಿನ ಮರಗಳ ನಡುವೆ ಜೋಲಿ ಕಟ್ಟಿಕೊಂಡಿದ್ದಳು. ಅವಳಿಗೆ ಸ್ವಂತದವರು ಅಂತ ಯಾರೂ ಇಲ್ಲ. ನನ್ನ ಮಗ ಹುಟ್ಟಿದ್ದು ಸಮುದ್ರದ ನಡುವೆ, ನಾವು ಬಂದ ದೋಣಿಯಲ್ಲಿ, ಅವಳ ಕೈಯಲ್ಲಿ. ಖಾಯ್ ಅಂತ ನಾನು ಚೆಂದದ ಹೆಸರಿಟ್ಟರೆ ಅವಳು ಕರೆದದ್ದು ಕಪ್ಪೆ ಅಂತ. ಸೈಗಾನ್ ಶಾಲೆಯಲ್ಲಿ ಓದಿದ ನನಗೆ ಮಗು ಸೀನಿದರೆ ಜ್ವರದ ಭಯ, ಸೀನದಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಭಯ. ಅವಳಿಲ್ಲದೆ ಹಿಮದ ದೇಶದಲ್ಲಿ ಇದನ್ನು ಸಾಕುವುದುಂಟೆ?

ಅದಕ್ಕೇ ಜನರನ್ನು ಆರಿಸಲು ಬಂದ ಕೆನಡಾದ ಇಬ್ಬರು ಅಧಿಕಾರಿಗಳ ಮುಂದೆ ನಾನೂ ನನ್ನ ಗಂಡನೂ ಕೇಳಿದ್ದು ಒಂದೇ: ಅಜ್ಜಿಯನ್ನೂ ನಮ್ಮ ಸಂಸಾರಕ್ಕೆ ಸೇರಿಸಿ.

ಅಧಿಕಾರಿಗಳಿಬ್ಬರೂ ಅಲ್ಲೇ ಚರ್ಚೆಗಿಳಿದರು. ರಕ್ತಸಂಬಂಧವಿಲ್ಲ, ನಿಯಮ ಒಪ್ಪುವುದಿಲ್ಲ ಅಂತ ಹೆಂಗಸು. ಒಂಟಿ ಮುದುಕಿಯನ್ನು ಇಲ್ಲೇ ಬಿಡುವುದು ಹೇಗೆ ಅಂತ ಕೆಂಪು ಗಡ್ಡದವನು. ಮಧ್ಯೆ ಹೆಂಗಸು ಮಗುವಿನ ಕಡೆ ಬಗ್ಗಿ, "ಎಷ್ಟು ಮುದ್ದಾಗಿದೆ, ಗುಂಡುಗುಂಡಗೆ!" ಅಂದಳು.

ದುಭಾಷಿ ಲೂವಾನ್ ಅದನ್ನು ಹೇಳಿ ಮುಗಿಸಿರಲಿಲ್ಲ, ಅಜ್ಜಿ ಹಾರಿಬಿದ್ದಳು. "ಥೂ ಥೂ! ಮುದ್ದಂತೆ! ಕಪ್ಪೆ ಮೋರೆ ಇದರದ್ದು. ಯಾರಿಗೆ ಬೇಕು ಈ ದರಿದ್ರ!"

ಲೂವಾನ್ ಹೊಸಬ. ಒಂದು ಮಾತೂ ಬಿಡಬಾರದೆಂದು ಅವನಿಗೆ ತಾಕೀತಾಗಿತ್ತು. ಅದನ್ನೂ ಹೇಳಿಬಿಟ್ಟ. ಹೆಂಗಸಿನ ಮುಖ ಗಂಟಿಕ್ಕಿತು. "ಮಗುವನ್ನು ಕಂಡರಾಗದವಳನ್ನು ಅದರ ಜೊತೆಗೇ ಕಳಿಸೋಣವೇ?"

ನನಗೆ ಅಳುವೇ ಬಂತು. "ಹಾಗಲ್ಲ ಮೇಡಂ! ಹೊಗಳಿದ್ರೆ ದೆವ್ವಕ್ಕೆ ಕೇಳಿಸುತ್ತೆ, ಮಗೂನ ಎತ್ಕೊಂಡು ಹೋಗುತ್ತೆ. ಅದಕ್ಕೇ ಬೈಯೋದು. ಇಷ್ಟು ಜೋರಾಗಿ ಸ್ವಂತ ಅಜ್ಜಿ ಮಾತ್ರ ಬೈತಾಳೆ!"

ಗಡ್ಡದವನು ಮೇಜು ಬಡಿದು ನಕ್ಕ. ಹೆಂಗಸು ನಗಲಿಲ್ಲ, ಅಜ್ಜಿಯನ್ನೇ ನೋಡಿದಳು. ಅಜ್ಜಿಗೆ ಇದ್ಯಾವುದರ ಪರಿವೆಯೇ ಇಲ್ಲ. ಅಂಗಿಯ ತೋಳಿನಿಂದ ಮಗುವಿನ ಮೂಗು ಒರೆಸಿ, "ಕೊಳಕು ಕಪ್ಪೆ," ಎನ್ನುತ್ತ ಅದರ ಕೆನ್ನೆಯನ್ನು ಆಸೆಯಿಂದ ಮೂಸುತ್ತಿದ್ದಳು.

ಹೆಂಗಸು ನಮ್ಮ ಹೆಸರುಗಳ ಕೆಳಗೆ ಅಜ್ಜಿಯ ಹೆಸರನ್ನೂ ಬರೆದಳು. ಆಮೇಲೆ ಲೂವಾನನ ಕಿವಿಯಲ್ಲಿ ಏನೋ ಕೇಳಿಕೊಂಡು, ಮಗುವಿನ ಕಡೆ ತಿರುಗಿ ನಮ್ಮ ಭಾಷೆಯಲ್ಲೇ ತಡವರಿಸಿದಳು: "ತುಂಬಾ... ಕುರೂಪಿ."

"ಪರವಾಗಿಲ್ವೇ, ಕಲೀತಾಳೆ ಇವಳು," ಅಂದಳು ಅಜ್ಜಿ.